ಇಪ್ಪತ್ತೊಂದು ಎಡಗಿವಿ

ಕುರಿ ಕೊಳ್ಳಲು ಬಂದವನು ಕುರಿಯ ಬೆನ್ನು ಅದುಮಿ ನೋಡುತ್ತಾನೆ, ತುಟಿ ಎತ್ತಿ ಹಲ್ಲು ನೋಡುತ್ತಾನೆ. ಈ ಮನುಷ್ಯ ಕಿವಿ ನೋಡಿದ. ಹಿಂಡಿನೊಳಗೆ ಹೊಕ್ಕು ಒಂದೊಂದೇ ಕುರಿಯ ಎಡಗಿವಿ ಹಿಡಿದು ತಿರುವಿದ, ಬಾಯಲ್ಲೇ ಏನೋ ಎಣಿಸಿಕೊಂಡ, ದರ ಕೇಳದೆ ಮೋಟರ್ ಸೈಕಲ್ ಹತ್ತಿ ಕಾಗವಾಡದ ದಾರಿ ಹಿಡಿದ.

೨೦೧೧ರ ದೀಪಾವಳಿ ಮುಗಿದು ವಾರವಾಗಿತ್ತು. ಉಗಾರ ಬುದ್ರುಕದ ಹೊಳೆಸಾಲಿನಲ್ಲಿ, ಕಬ್ಬು ಕಡಿದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದ ಹಾಲಸಿದ್ದ ಸಂಜೆ ಹಿಂಡನ್ನು ಮನೆಯ ಹಿಂದಿನ ಹಟ್ಟಿಗೆ ಹೊಡೆದುಕೊಂಡು ಬಂದು, ಕೈಕಾಲು ತೊಳೆಯುವ ಮೊದಲೇ ಸುದ್ದಿ ಹೇಳಿದ.

"ಕಿವಿ ನೋಡಿದ್ನ?" ರೊಟ್ಟಿ ಮುರಿಯುತ್ತಿದ್ದ ತಂದೆ ಭೀಮಸಿಯ ಕೈ ನಿಂತಿತು. "ಯಾವ ಕಿವಿ?"

"ಎಡಗಿವಿ. ಎಲ್ಲಾ ಕುರಿ ಹಿಡದು ನೋಡಿದ. ಜಕ್ಕಪ್ಪನ ಕುರಿ ಬಂದಾಗ ಮಾತ್ರ ಎಣಿಸ್ದ."

ಬದನೆಕಾಯಿ ಪಲ್ಯ ಬಡಿಸುತ್ತಿದ್ದ ತಾಯಿ ಭೀಮಾಬಾಯಿ ಸೌಟು ಎತ್ತಿಯೇ ಗದರಿದಳು. "ಜಕ್ಕಪ್ಪನ ಕುರಿ ಯಾಕ ಅಂತಿ? ನಮ್ಮ ಕುರಿ ಅನ್ನು."

"ಕಿವಿ ಏನ ಹೇಳ್ತೈತಿ, ಅದನ್ನ ನಾ ಹೇಳಿದೆ ಅವ್ವಾ."

"ಮುಖ ನೋಡಿದ್ರ ಯಾರ ಹಂಗ ಕಾಣಸ್ತಿದ್ದ?" ಭೀಮಸಿ ಕೇಳಿದ.

"ನಮ್ಮವರ ಹಂಗ ಇದ್ದ. ಕುರಿ ಹಿಡಿಯೋ ರೀತಿ ಗೊತ್ತಿತ್ತು. ಆದ್ರ ಕಾಲಾಗ ಕಂದು ಬೂಟು."

ಭೀಮಸಿ ಉಳಿದ ರೊಟ್ಟಿಯನ್ನು ಬುಟ್ಟಿಗೆ ವಾಪಸು ಹಾಕಿದ. ಎಪ್ಪತ್ತು ವರ್ಷದ ಆ ಮನುಷ್ಯ ತಟ್ಟೆಗೆ ಬಂದ ರೊಟ್ಟಿಯನ್ನು ವಾಪಸು ಹಾಕಿದ್ದನ್ನು ಮನೆಯವರು ಎಂದೂ ಕಂಡಿರಲಿಲ್ಲ.

ಕಿವಿಯ ವಿಷಯವನ್ನು ಕುರಿ ಕಾಯದವರಿಗೆ ಬಿಡಿಸಿ ಹೇಳಬೇಕು. ಇಲ್ಲಿ ಕುರಿಗಾರರ ಪ್ರತಿ ಮನೆಗೂ ಒಂದು ಕಿವಿಗುರುತು ಇರುತ್ತದೆ. ಭೀಮಸಿಯ ಮನೆಯದು ಬಲಗಿವಿಯ ಅಂಚಿಗೆ ಅರ್ಧಚಂದ್ರದ ಕಚ್ಚು. ಯಾರಾದರೂ ತಮ್ಮ ಕುರಿಗಳನ್ನು ಪಾಲಿಗೆ ಬಿಟ್ಟರೆ, ಅಂದರೆ ನೀನು ಮೇಯಿಸು, ಮರಿಯಲ್ಲಿ ಅರ್ಧ ನಿನಗೆ ಎಂದು ಒಪ್ಪಿಸಿದರೆ, ಅವರ ಗುರುತೇ ಉಳಿಯುತ್ತದೆ. ಕಾಯುವವನು ಅದಕ್ಕೆ ಕತ್ತರಿ ತಾಗಿಸುವಂತಿಲ್ಲ. ದೇವರ ಭಂಡಾರದ ಅರಿಶಿನ ಹಚ್ಚಿ "ಇನ್ನು ನಿಮ್ಮವು" ಎಂದು ಕೊಟ್ಟರೆ ಮಾತ್ರ ಪಡೆದವನು ಇನ್ನೊಂದು ಕಿವಿಗೆ ತನ್ನ ಗುರುತು ಹಾಕುತ್ತಾನೆ. ಎರಡೂ ಕಿವಿಗೆ ಗುರುತಿದ್ದ ಕುರಿ ಯಾರ ಮನೆಯಿಂದ ಯಾರ ಮನೆಗೆ ಬಂತೆಂದು ಕಣ್ಣಿದ್ದ ಯಾವ ಕುರಿಗಾರನೂ ಓದಿ ಹೇಳುತ್ತಾನೆ. ಸ್ಟಾಂಪ್ ಪೇಪರಿಗಿಂತ ಇದು ಗಟ್ಟಿ.

ಎಡಗಿವಿಯ ತುದಿ ಸೀಳಿದ್ದು ಜಕ್ಕಪ್ಪನ ಗುರುತು. ಜಕ್ಕಪ್ಪ ಈ ಕಡೆಯವನಲ್ಲ. ನಾಲ್ಕು ತಾಸಿನ ದಾರಿಯ ಇನ್ನೊಂದು ತಾಲೂಕಿನ ದೊಡ್ಡ ಕುಳ. ಭೀಮಸಿಯ ಹಿರಿಯ ಮಗ ಅಮೋಘಸಿದ್ದ ಆ ತಾಲೂಕಿನ ಕೋರ್ಟಿನಲ್ಲಿ ಜಡ್ಜ್ ಆಗಿದ್ದ. ಸತ್ತ ತಮ್ಮನ ಹೆಂಡತಿಯ ನಾಲ್ಕು ಎಕರೆ ನೀರಾವರಿ ತನ್ನದೆಂದು ಜಕ್ಕಪ್ಪ ಹಾಕಿದ ದಾವೆ ಅವನ ಮುಂದೆ ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಜಕ್ಕಪ್ಪ ಟೆಂಪೋದಲ್ಲಿ ಇಪ್ಪತ್ತೊಂದು ಹೆಣ್ಣು ಕುರಿ ತಂದು ಇಳಿಸಿ, ಭೀಮಸಿಯ ಅಂಗೈಗೆ ಭಂಡಾರ ಹಾಕಿ, "ದೇವರಿಗೆ ಬೇಡಕೊಂಡಿದ್ದೆ ಕಾಕಾ, ಕುರಿ ಕಾಯೋರ ಮನೀಗೆ ಕೊಡ್ತೇನಿ ಅಂತ. ಇನ್ನ ನಿಮ್ಮವು," ಅಂದಿದ್ದ.

ಭಂಡಾರ ಬಿದ್ದ ಅಂಗೈಯನ್ನು ಭೀಮಸಿ ಹಿಂದಕ್ಕೆ ಎಳೆದವನಲ್ಲ. ಆದರೂ ದಡ್ಡನಲ್ಲ, ಅಂಗಳದಿಂದಲೇ ಮಗನಿಗೆ ಫೋನ್ ಮಾಡಿದ್ದ.

"ಜಕ್ಕಪ್ಪನ? ಕೊಟ್ಟರ ಇಟ್ಟುಕೋ ಅಪ್ಪಾ," ಅಂದಿದ್ದ ಅಮೋಘಸಿದ್ದ. "ಫೋನಿನ್ಯಾಗ ಇಂಥಾದ್ದೆಲ್ಲಾ ಮಾತಾಡಬ್ಯಾಡ."

ಕಾಯ್ದೆ ಓದಿದ ಮಗನೇ ಇಟ್ಟುಕೋ ಅಂದ ಮೇಲೆ ಅದರಲ್ಲಿ ತಪ್ಪಿರಲಾರದೆಂದು ಮುದುಕ ನಂಬಿದ. ಮರುದಿನವೇ ಇಪ್ಪತ್ತೊಂದು ಬಲಗಿವಿಗೂ ಅರ್ಧಚಂದ್ರ ಹಾಕಿದ. ಅದೇ ತಿಂಗಳು ಜಕ್ಕಪ್ಪನಿಗೆ ತಡೆಯಾಜ್ಞೆ ಸಿಕ್ಕಿತು, ಆ ವಿಧವೆ ಒಂದೂವರೆ ವರ್ಷ ತನ್ನ ಹೊಲದ ಬದುವಿನ ಮೇಲೆ ನಿಂತು ನೋಡಿದಳು. ಆಮೇಲೆ ಅಮೋಘಸಿದ್ದನಿಗೆ ವರ್ಗವಾಯಿತು. ಹೊಸದಾಗಿ ಬಂದ ಜಡ್ಜ್ ಹೊಲವನ್ನು ವಿಧವೆಗೆ ಕೊಟ್ಟರು. ಜಕ್ಕಪ್ಪ ಅಮೋಘಸಿದ್ದನಿಗೆ ಫೋನ್ ಮಾಡಿ ಮಾಡಿ ಸೋತು, ಕೊನೆಗೆ ಹೈಕೋರ್ಟಿಗೆ ಅರ್ಜಿ ಬರೆದ. ಎಡಗಿವಿ ಸೀಳಿದ ಇಪ್ಪತ್ತೊಂದು ಕುರಿ ಎಂದು ಅದರಲ್ಲಿ ಸ್ಪಷ್ಟವಾಗಿ ಕಾಣಿಸಿದ್ದ.

ಇದಾವುದೂ ಉಗಾರದ ಮನೆಗೆ ಗೊತ್ತಿರಲಿಲ್ಲ. ಭಾನುವಾರ ಅಮೋಘಸಿದ್ದನ ಕಾರು ಬಂದು ನಿಂತಾಗ ಗೊತ್ತಾಯಿತು.

ಒಬ್ಬನೇ ಬಂದಿದ್ದ. ಹೆಂಡತಿ ಸಾರಿಕಾಳನ್ನು ಕರೆತಂದಿರಲಿಲ್ಲ. ಭೀಮಾಬಾಯಿ ಸಂಭ್ರಮದಿಂದ ಹೋಳಿಗೆಗೆ ಬೇಳೆ ಇಟ್ಟಳು. ಹಾಲಸಿದ್ದನ ಹೆಂಡತಿ ಸೋನಾಲಿ ಹೂರಣ ರುಬ್ಬಲು ಕುಳಿತಳು. ಆದರೆ ಅವನು ಚಪ್ಪಲಿಯನ್ನೂ ಬಿಡದೆ ಹಟ್ಟಿಗೆ ಹೋಗಿ ಬೇಲಿ ಹಿಡಿದು ನಿಂತ.

"ಕಿವಿ ನೋಡಾಕ ಯಾರರೆ ಬಂದಿದ್ರೇನು?"

"ಬಂದಿದ್ದ," ಅಂದ ಹಾಲಸಿದ್ದ. "ಯಾರಂವ?"

"ಹೈಕೋರ್ಟಿನ ವಿಜಿಲೆನ್ಸ್ ಪೊಲೀಸ. ನನ್ನ ಮ್ಯಾಲೆ ಅರ್ಜಿ ಹೋಗೇತಿ. ತಿಂಗಳದಾಗ ಪಂಚರನ್ನ ಕರಕೊಂಡ ಮತ್ತ ಬರ್ತಾರ. ಅಷ್ಟರಾಗ ಆ ಸೀಳಗಿವಿ ಇರಬಾರದು."

"ಕುರಿ ಅವಂಗ ತಿರುಗಿ ಕೊಟ್ಟಬಿಡೂಣಪ್ಪ," ಅಂದ ಭೀಮಸಿ.

"ಕೊಟ್ಟರ ತಗೊಂಡಿದ್ದು ಖರೆ ಅಂತ ಆಗ್ತೈತಿ."

"ಸಂತೀಗೆ ಹೊಡಕೊಂಡ ಹೋಗ್ತೇನಿ ಹಂಗಾರ," ಅಂದ ಹಾಲಸಿದ್ದ.

"ಕೊಂಡಂವ ಸಾಕ್ಷಿ ಆಗ್ತಾನ. ಕುರಿ ಇಲ್ಲೇ ಇರಬೇಕು. ಎಡಗಿವಿ ಅಷ್ಟ ಇರಬಾರದು. ಬುಡಮಟ ಕೊಯ್ದ ಬಿಡ್ರಿ. ಆಗ ಅದು ಯಾರ ಗುರುತು ಅಂತ ಯಾರ ಹೇಳ್ತಾರ? ಅಂವ ಒಮ್ಮೆ ಕಣ್ಣಲೆ ನೋಡಿ ಹೋದದ್ದು ಪಂಚನಾಮೆ ಆಗೂದಿಲ್ಲ."

ಭೀಮಸಿ ಮಗನ ಮುಖವನ್ನೇ ನೋಡಿದ. ಐದನೆಯ ವರ್ಗಕ್ಕೇ ಹಾಸ್ಟೆಲಿಗೆ ಹೋದ ಹುಡುಗ. ಕುರಿಯ ಹಾಲು ಕುಡಿದು ಬೆಳೆದವನಿಗೆ ಕುರಿಯ ವಿದ್ಯೆ ಬಂದಿರಲಿಲ್ಲ, ಅದನ್ನು ಕಲಿಸದೇ ಇದ್ದದ್ದೇ ಈ ಮನೆಯ ದೊಡ್ಡಸ್ತಿಕೆಯಾಗಿತ್ತು.

"ಅಮೋಘಾ, ಕಿವಿ ಬುಡಮಟ ಕಳ್ಳರ ಕೊಯ್ತಾರ. ಇನ್ನೊಬ್ಬರ ಗುರುತ ಅಳಸಾಕ. ಮೋಟ ಕಿವಿ ಕಂಡರ ಯಾವ ಕುರಿಗಾರನೂ ಆ ಹಟ್ಟ್ಯಾಗ ನೀರ ಕುಡಿಯೂದಿಲ್ಲ."

"ಬರೋರು ಕುರಿಗಾರರಲ್ಲಪ್ಪಾ, ಆಫೀಸರು. ಅವರಿಗೇನ ಗೊತ್ತ ಇದು?"

"ಊರಿಗೆ ಗೊತ್ತಾಗ್ತೈತಲ್ಲ," ಹಾಲಸಿದ್ದನ ದನಿ ಏರಿತು. "ನಾ ಕೊಯ್ಯೂದಿಲ್ಲ. ನಾಳೆ ಈ ಹಿಂಡ ಹಿಂದ ನಡಿಯಾಂವ ನಾನು, ನೀ ಅಲ್ಲ."

"ನನ್ನ ನೌಕರಿ ಹೋದ್ರ ನಿನಗ ಛಲೋ ಅನಸ್ತೈತೇನು?"

"ನಿನ್ನ ನೌಕರಿಗೆ ನಾ ಕೈ ಹಾಕೇನೇನು? ಕುರಿ ಇಟ್ಟುಕೋ ಅಂದಾಂವ ನೀ!"

"ಸಾಕ್ ಮಾಡ್ರಿ," ಭೀಮಾಬಾಯಿ ಒಳಗಿನಿಂದ ಕೂಗಿದಳು. "ಹೋಳಿಗಿ ಆರಾಕತ್ತಾವು."

ಅಮೋಘಸಿದ್ದ ಒಂದು ಹೋಳಿಗೆಯ ಅಂಚು ಮುರಿದು ಬಾಯಿಗೆ ಹಾಕಿ, ಉಳಿದದ್ದನ್ನು ಹಾಗೇ ಬಿಟ್ಟು ಎದ್ದ. "ಅಪ್ಪಾ, ಬಡತನ ಅಂದ್ರ ಏನಂತ ನಿನಗ ಹೇಳಬೇಕಾಗಿಲ್ಲ. ಮೂವತ್ತ ವರ್ಷ ನೀ ಹಸದು ನನ್ನ ಓದಿಸಿದ್ದು ಒಂದ ಕಾಗದದಿಂದ ಹಾಳಾಗಿ ಹೋಗ್ತೈತಿ. ನೀನ ವಿಚಾರ ಮಾಡು."

ಈ ಮಾತು ಮುದುಕನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅದು ಅಲ್ಲೇ ತಾಗಲೆಂದೇ ಆಡಿದ ಮಾತೂ ಆಗಿತ್ತು.

ಅಮಾವಾಸ್ಯೆಯ ದಿನ ಅತ್ತೆ ಸೊಸೆ ಇಬ್ಬರೂ ಯಡೂರಿನ ವೀರಭದ್ರನಿಗೆ ಕಾಯಿ ಒಡೆಸಲು ಹೋದರು. ಹಾಲಸಿದ್ದನನ್ನು ಭೀಮಸಿ ಹಿಂಡಿನ ಔಷಧಿ ತರಲು ಅಥಣಿಗೆ ಕಳಿಸಿದ. ಮಧ್ಯಾಹ್ನ ಅಮೋಘಸಿದ್ದ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿಕೊಂಡು ಒಂದೊಂದೇ ಕುರಿ ಹಿಡಿದು ಕೊಟ್ಟ, ಭೀಮಸಿ ಕೊಯ್ದ. ಮಗ ಹಿಡಿಯುವುದಕ್ಕೆ ಬಾರದೆ ಕುರಿಯ ಕೊರಳನ್ನು ಒತ್ತಿ ಹಿಡಿಯುತ್ತಿದ್ದ. "ಕೊಳ್ಳಾಗ ಅಲ್ಲೋ, ಮೊಣಕಾಲ ನಡು ಹಿಡಿ," ಎಂದು ಭೀಮಸಿ ಎರಡು ಸಲ ಹೇಳಿದ. ಕೊಯ್ದ ಕಿವಿಗಳನ್ನು ಮುದುಕ ತಿಪ್ಪೆಯ ಮಗ್ಗುಲಲ್ಲಿ ಹುಗಿದ. ಮಗ ಮೋಟರಿನ ನೀರಲ್ಲಿ ಕೈ ತೊಳೆದು, ಅಂಗಿ ಬದಲಿಸಿ ಹೋದ.

ಪ್ರಸಾದ ಹಿಡಿದು ಬಂದ ಸೋನಾಲಿಯೇ ಮೊದಲು ಕಂಡದ್ದು. ಹಟ್ಟಿಯ ಮೂಲೆಯಲ್ಲಿ ಕುರಿಗಳು ತಲೆ ಓರೆ ಮಾಡಿ ನಿಂತಿದ್ದವು.

"ಅತ್ತಿ, ಬರ್ರಿ ಇಲ್ಲಿ. ಏನಾಗೇತಿ ನೋಡ್ರಿ ಕುರೀಗೆ."

ಭೀಮಾಬಾಯಿ ಬಂದಳು, ನೋಡಿದಳು. ಗಂಡನ ಕಡೆ ತಿರುಗಿ, "ನೀ ಕೊಯ್ದೆ?" ಅಂದಳು.

"ಹೂಂ."

"ನಿನ್ನ ಕೈಯಾರೆ?"

"ಮತ್ತ್ಯಾರ ಕೈಲೆ ಕೊಯ್ಸಲಿ?"

ಅವಳು ಅಳಲಿಲ್ಲ. ಬೇವಿನೆಣ್ಣೆ, ಅರಿಶಿನ ಕಲಸಿ ತಂದು ಕುರಿಗಳ ಗಾಯಕ್ಕೆ ಹಚ್ಚುತ್ತ ಕುಳಿತಳು. ಔಷಧಿ ತಂದ ಹಾಲಸಿದ್ದ ಚೀಲವನ್ನು ಅಂಗಳದಲ್ಲೇ ಎಸೆದು ಹೊರಗೆ ಹೋದ.

ನಾಲ್ಕು ದಿನಕ್ಕೆ ಬೋರಗಾಂವದ ಭರಮು ಬಂದ. ಎಂಟು ವರ್ಷದಿಂದ ಹನ್ನೆರಡು ಕುರಿ ಇವರಲ್ಲಿ ಪಾಲಿಗೆ ಬಿಟ್ಟವನು, ಹಬ್ಬಕ್ಕೆ ಬಂದರೆ ಇಲ್ಲೇ ಉಣ್ಣುವವನು. ಹಟ್ಟಿಯೊಳಗೆ ಒಂದು ಸುತ್ತು ಹಾಕಿ, "ಕಾಕಾ, ನನ್ನ ಕುರಿ ಒಯ್ತೇನಿ. ಮನ್ಯಾಗ ಲಗ್ನ ಐತಿ," ಅಂದ.

"ಯಾರ ಲಗ್ನೋ?"

ಭರಮು ಹೆಸರು ಹೇಳಲಿಲ್ಲ. ಸೋನಾಲಿ ತಂದಿಟ್ಟ ಚಹಾ ತಣ್ಣಗಾಯಿತು. ತನ್ನ ಹನ್ನೆರಡರ ಕಿವಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಹೊಡೆದುಕೊಂಡು ಹೋದ. ಆ ವಾರದಲ್ಲೇ ಇನ್ನಿಬ್ಬರು ಬಂದು ಒಯ್ದರು. ರಾತ್ರಿ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಮಾಡಿಸಿಕೊಳ್ಳುತ್ತಿದ್ದ ರೈತರೂ ಈ ಸಲ ಬೇಡ ಅಂದರು. ಬಾಯಿ ಬಿಟ್ಟು ಕಳ್ಳ ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಷ್ಟರಲ್ಲಿ ಅಮೋಘಸಿದ್ದ ಸಸ್ಪೆಂಡ್ ಆದ. ಪಂಚರೊಂದಿಗೆ ಆಫೀಸರು ಬಂದರು, ಅವರ ಹಿಂದೆ ಕಂದು ಬೂಟಿನ ಅದೇ ಮನುಷ್ಯ. ಹೆಸರು ಕಾಡಸಿದ್ದ, ವಿಜಿಲೆನ್ಸಿನ ಜಮಾದಾರ. ಆಫೀಸರಿಗೆ ಸೀಳಿದ ಕಿವಿ ಸಿಗಲಿಲ್ಲ, ತಲೆ ಕೆರೆದುಕೊಂಡರು. ಕಾಡಸಿದ್ದ ಮಾತ್ರ ಒಂದು ಕುರಿಯ ಮೋಟು ಕಿವಿಯ ಗಾಯವನ್ನು ಹೆಬ್ಬೆರಳಿನಿಂದ ಸವರಿ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತ. ಭೀಮಾಬಾಯಿ ತಂಬಿಗೆ ನೀರು ಚಾಚಿದಳು.

"ಬ್ಯಾಡ ಬಿಡ್ರಿ ಅವ್ವಾರ," ಅಂದ ಅವನು. ಆಮೇಲೆ ಭೀಮಸಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಜ್ಜಾ, ನಾನೂ ಹಟ್ಟ್ಯಾಗ ಹುಟ್ಟಿದಾಂವ. ಇದು ನಿನ್ನ ಬುದ್ಧಿ ಅಲ್ಲ ಅಂತ ನನಗ ಗೊತ್ತೈತಿ. ನಿನ್ನ ವಿಚಾರಣೆಗೆ ಕರೀತಾರ. ಖರೇ ಹೇಳು, ಪಾರಾಗ್ತಿ," ಅಂದ.

"ಯಾರ ಪಾರಾಗ್ತಾರ?" ಅಂತ ಕೇಳಿದ ಭೀಮಸಿ.

"ನೀ."

"ಹಂಗಾರ ಬ್ಯಾಡ ಬಿಡು."

ಮಳೆಗಾಲದ ಹೊತ್ತಿಗೆ ಮನೆಯಲ್ಲಿ ಎರಡು ಒಲೆಯಾದವು. ಮೇಯಿಸುವುದಕ್ಕೆ ಐವತ್ತು ಕುರಿಯೂ ಉಳಿದಿರಲಿಲ್ಲ. ಹಾಲಸಿದ್ದ ಸಕ್ಕರೆ ಕಾರ್ಖಾನೆಯಲ್ಲಿ ದಿನಗೂಲಿಗೆ ಹೋಗತೊಡಗಿದ. ಸೋನಾಲಿ ಅತ್ತೆಯ ಮುಂದೆ ಬಾಯಿ ಬಿಟ್ಟೇ ಬಿಟ್ಟಳು.

"ಅತ್ತಿ, ನಮ್ಮ ಹುಡುಗಿ ದೊಡ್ಡಾಕಿ ಆಗ್ಯಾಳ. ನಾಳೆ ಈ ಮನೀಗೆ ಬೀಗರು ಯಾವ ಮುಖ ನೋಡಿ ಬರ್ತಾರ? ಭಾವಾರ ನೌಕರಿ ಉಳಿಲಿ, ಬ್ಯಾಡನ್ನಂಗಿಲ್ಲ. ಅದಕ್ಕ ನಮ್ಮ ಮನಿ ಯಾಕ ಸುಡಬೇಕು?"

"ಅಂವ ಸಾಹೇಬ ಆಗಿದ್ದಕ್ಕ ನಿಮ್ಮಪ್ಪ ಈ ಮನೀಗೆ ನಿನ್ನ ಕೊಟ್ಟಾನ," ಅಂದಳು ಭೀಮಾಬಾಯಿ.

"ಹೌದ್ರಿ. ಅದಕ್ಕ ಹೇಳಾಕತ್ತೇನಿ. ನನ್ನ ಮಗಳಿಗೆ ಆ ಸುಖ ಬ್ಯಾಡ."

ಸೊಸೆ ಹೇಳಿದ್ದು ಖರೆಯೆಂದು ಅತ್ತೆಗೂ ಅನ್ನಿಸಿತ್ತು, ಅದಕ್ಕೇ ಸಿಟ್ಟು ಇಮ್ಮಡಿಯಾಗಿತ್ತು. ಅಂದು ಸೊಸೆಯ ಒಲೆಯಿಂದ ಬಂದ ಸಾರನ್ನು ಅವಳು ಮುಟ್ಟಲಿಲ್ಲ.

ಇಲಾಖಾ ವಿಚಾರಣೆ ೨೦೧೨ರ ಆಗಸ್ಟಿನಲ್ಲಿ ಶುರುವಾಯಿತು. ವಿಚಾರಣಾಧಿಕಾರಿ ವಿರುಪಾಕ್ಷಪ್ಪ ಎಂಬ ಜಿಲ್ಲಾ ನ್ಯಾಯಾಧೀಶರು, ನಿವೃತ್ತಿಗೆ ವರ್ಷವಿದ್ದ ಮೆತ್ತನೆ ಮಾತಿನ ಮನುಷ್ಯ. ಜಕ್ಕಪ್ಪ ಕೊಟ್ಟೆ ಅಂದ. ಕಾಡಸಿದ್ದ ಕಂಡೆ ಅಂದ, ಕುರಿಗಾರರಲ್ಲಿ ಕಿವಿಯನ್ನು ಯಾರು ಯಾಕೆ ಬುಡಮಟ್ಟ ಕೊಯ್ಯುತ್ತಾರೆಂದೂ ಬಿಡಿಸಿ ಹೇಳಿದ. ಅಪ್ಪ ಹಟ್ಟಿಯಲ್ಲೇ ಹೇಳಿದ್ದ ಮಾತು ಹೇಳಿಕೆಯ ಕಾಗದದಲ್ಲಿ ಕಂಡ ಮೇಲೆ ಅಮೋಘಸಿದ್ದನಿಗೆ ತಾನು ಮಾಡಿಸಿದ್ದರ ತೂಕ ತಿಳಿಯಿತು. ಮರುವಾರ ತನ್ನ ಪರವಾಗಿ ತಂದೆಯನ್ನೇ ಸಾಕ್ಷಿಗೆ ಕರೆದ.

ಹಿಂದಿನ ದಿನ ಚಿಕ್ಕೋಡಿಯಲ್ಲಿ ಅಮೋಘಸಿದ್ದ ಹಿಡಿದಿದ್ದ ಬಾಡಿಗೆ ಮನೆಯಲ್ಲಿ ಪಾಠ ನಡೆಯಿತು.

"ಕುರಿ ಮಿರಜ ಸಂತ್ಯಾಗ ಕೊಂಡೇನಿ ಅನ್ನು. ಕಿವೀಗೆ ಹುಣ್ಣಾಗಿ ಹುಳ ಬಿದ್ದಿದ್ವು, ಅದಕ್ಕ ಕೊಯ್ದೆ ಅನ್ನು. ಇಷ್ಟ. ಒಂದ ಮಾತ ಹೆಚ್ಚಿಗಿ ಬ್ಯಾಡ."

"ಹೂಂ."

"ಇನ್ನೊಮ್ಮೆ ಹೇಳು."

ಭೀಮಸಿ ಹೇಳಿದ. ಸಾರಿಕಾ ಚಪಾತಿ ಬಡಿಸುತ್ತ, "ಮಾವಾರ, ತುಪ್ಪಾ ಹಾಕ್ಲೇನ್ರಿ?" ಅಂತ ಎಂದಿಲ್ಲದ ಅಕ್ಕರೆಯಿಂದ ಕೇಳಿದಳು. ಎರಡು ವರ್ಷದಲ್ಲಿ ಅವಳು ಉಗಾರಕ್ಕೆ ಕಾಲಿಟ್ಟಿರಲಿಲ್ಲ. ತುಪ್ಪ ಬೇಡ ಅಂದ ಮುದುಕ.

ಹಾಲಸಿದ್ದನೂ ಜೊತೆಗೆ ಹೋಗಿದ್ದ, ಅಪ್ಪನನ್ನು ಒಬ್ಬನೇ ಬಿಡಲು ಮನಸ್ಸಾಗದೆ. ವಿಚಾರಣೆಯ ಕೋಣೆಯಲ್ಲಿ ಹೊರಗಿನವರಿಗೆ ಜಾಗವಿಲ್ಲ. ಅವನು ಬಾಗಿಲಾಚೆ ನಿಂತು ಕೇಳಿದ. ಒಳಗೆ ಭೀಮಸಿ ಪ್ರಮಾಣ ಮಾಡಿದ, ಕಲಿಸಿದ್ದನ್ನು ಕಲಿಸಿದಂತೆ ಒಪ್ಪಿಸಿದ. ಹೈಕೋರ್ಟಿನ ಪರವಾಗಿ ಪ್ರಶ್ನೆ ಕೇಳುವ ವಕೀಲರು ಎದ್ದರು.

"ಇಪ್ಪತ್ತೊಂದು ಕುರಿಗೂ ಎಡಗಿವಿಗೇ ಹುಳ ಬಿತ್ತಾ?"

"ಹೌದ್ರಿ."

"ಬಲಗಿವಿಗೆ ಒಂದಕ್ಕೂ ಬೀಳಲಿಲ್ಲ?"

ಭೀಮಸಿ ರುಮಾಲಿನ ಅಂಚಿನಿಂದ ಹಣೆ ಒರೆಸಿಕೊಂಡ.

"ಎಡಗಿವಿಯ ಮೇಲೆ ಜಕ್ಕಪ್ಪನ ಗುರುತಿತ್ತು. ಅದನ್ನು ಅಳಿಸು ಅಂತ ನಿಮ್ಮ ಮಗ ಹೇಳಿದ, ನೀವು ಕೊಯ್ದಿರಿ. ಹೌದೋ ಅಲ್ಲೋ?"

ವಿರುಪಾಕ್ಷಪ್ಪನವರು ಕನ್ನಡಕ ತೆಗೆದು, "ಅವಸರ ಇಲ್ಲ ಹಿರಿಯರೇ. ನೀರು ಕುಡೀರಿ. ನಾನೊಂದು ಕೇಳ್ತೀನಿ. ನಿಮ್ಮ ಜನರಲ್ಲಿ ಕುರಿಯ ಕಿವಿ ಬುಡಮಟ್ಟ ಯಾರು ಕೊಯ್ತಾರೆ?" ಅಂದರು.

"ಕಳ್ಳರ ಕೊಯ್ತಾರ್ರಿ."

"ಮತ್ತೆ ನೀವ್ಯಾಕೆ ಕೊಯ್ದಿರಿ?"

ಭೀಮಸಿ ಮಗನ ಕಡೆ ನೋಡಿದ. ಅಮೋಘಸಿದ್ದ ಎದುರಿನ ಕಾಗದದ ಮೇಲೆ ಪೆನ್ನು ಹಿಡಿದು ತಲೆ ತಗ್ಗಿಸಿದ್ದ. ಮುದುಕ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಕದ್ದಾವ್ರಿ," ಅಂದ. "ಜಕ್ಕಪ್ಪನ ಹಟ್ಟಿಯಿಂದ ಟೆಂಪೋದಾಗ ಹೊಡಕೊಂಡ ಬಂದೇನ್ರಿ. ಗುರುತ ಹತ್ತಬಾರದಂತ ಕಿವಿ ಕೊಯ್ದೇನಿ. ಮಿರಜ ಸಂತಿ ಅಂದದ್ದು ಸುಳ್ಳ್ರಿ. ನನ್ನ ಮಗಗ ಇದು ಏನೂ ಗೊತ್ತಿಲ್ರಿ."

ಬರೆದುಕೊಳ್ಳುವವಳು ಬೆರಳು ನಿಲ್ಲಿಸಿ ಸಾಹೇಬರ ಮುಖ ನೋಡಿದಳು. "ಬರೆಯಮ್ಮಾ," ಅಂದರು ವಿರುಪಾಕ್ಷಪ್ಪನವರು. ಆಮೇಲೆ ಅಮೋಘಸಿದ್ದನಿಗೆ, "ನಿಮ್ಮ ಸಾಕ್ಷಿ. ಮರುಪ್ರಶ್ನೆ ಏನಾದರೂ ಕೇಳೋದಿದೆಯಾ?" ಅಂತ ಕೇಳಿದರು.

ಬಾಗಿಲಾಚೆ ಹಾಲಸಿದ್ದ ಚೌಕಟ್ಟಿಗೆ ಕಿವಿ ಹಚ್ಚಿದ. ಒಂದೇ ಒಂದು ಮಾತು, ಇವರು ಸುಳ್ಳು ಹೇಳುತ್ತಿದ್ದಾರೆ ಎಂಬ ಒಂದು ಮಾತು ಅಣ್ಣನ ಬಾಯಿಂದ ಬಂದೀತೇ ಎಂದು ಕಾದ.

ಅಮೋಘಸಿದ್ದ ಎದ್ದು ನಿಂತ. "ಇಲ್ಲ ಸರ್," ಅಂದು ಕೂತ.

ಆ ಸಂಜೆ ಉಗಾರದ ಮನೆಯಲ್ಲಿ ಭೀಮಾಬಾಯಿ ತಟ್ಟೆ ಹಾಕಿದ್ದಳು. ಹಾಲಸಿದ್ದ ನಡೆದದ್ದನ್ನೆಲ್ಲ ಹೇಳುವ ತನಕ ಸುಮ್ಮನೆ ಕೇಳಿ, ಗಂಡನ ತಟ್ಟೆಯನ್ನು ಕಾಲಿನಿಂದ ದೂಡಿದಳು.

"ಕಳ್ಳ ಅಂತ ಸರಕಾರದ ಕಾಗದದಾಗ ಬರಸಿ ಬಂದಿ?"

"ಹುಡುಗನ ನೌಕರಿ ಉಳೀತೈತಿ."

"ಅಂವ ಏನಂದ?"

"ಏನ ಅನ್ನಬೇಕಾಗಿತ್ತು?"

"ಹೊರಗ ಬಂದ ಮ್ಯಾಲಾದ್ರೂ ನಿನ್ನ ಕೈ ಹಿಡದ್ನಿಲ್ಲ?"

"ಜನಾ ಇದ್ರು," ಅಂದ ಭೀಮಸಿ. ದೂಡಿದ ತಟ್ಟೆಯನ್ನು ತಾನೇ ಎಳೆದುಕೊಂಡು, ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿಂದ.

ತೀರ್ಮಾನ ಬರಲು ಎಂಟು ತಿಂಗಳು ಹಿಡಿಯಿತು. ಕುರಿಯ ಆರೋಪ ಸಾಬೀತಾಗಿಲ್ಲ. ತಡೆಯಾಜ್ಞೆಯನ್ನು ಕಾರಣವಿಲ್ಲದೆ ಎಳೆದದ್ದಕ್ಕೆ ಒಂದು ವರ್ಷದ ಇನ್ಕ್ರಿಮೆಂಟ್ ತಡೆ. ಅಮೋಘಸಿದ್ದನಿಗೆ ದೂರದ ಜಿಲ್ಲೆಯಲ್ಲಿ ಪೋಸ್ಟಿಂಗ್ ಆಯಿತು. ಬೆಳಗಾವಿಯ ಕುಂದಾದ ಎರಡು ಪೊಟ್ಟಣ ಯಾರದೋ ಕೈಯಲ್ಲಿ ಉಗಾರಕ್ಕೆ ಬಂದವು. ಸೋನಾಲಿ ಅವನ್ನು ಬಿಚ್ಚದೆ ಕಪಾಟಿನ ಮೇಲಿಟ್ಟಳು, ಇರುವೆ ಹತ್ತಿದ ಮೇಲೆ ತಿಪ್ಪೆಗೆ ಹಾಕಿದಳು.

ಜಕ್ಕಪ್ಪನೇನೂ ಸುಮ್ಮನೆ ಕೂಡುವವನಲ್ಲ. ಲಂಚ ಕೊಟ್ಟೆ ಅಂದರೆ ತನಗೇ ಕುತ್ತು ಎಂದು ಅವನ ವಕೀಲ ತಿಳಿಹೇಳಿದ್ದ. ಭೀಮಸಿಯ ಹೇಳಿಕೆಯಲ್ಲಿ ಕದ್ದೆ ಎಂದ ಸಾಲುಗಳ ನಕಲು ಮಾತ್ರ ತೆಗೆಸಿ, ನನ್ನ ಕುರಿ ಕಳುವಾಗಿದ್ದವು, ಕದ್ದವನೇ ಒಪ್ಪಿಕೊಂಡಿದ್ದಾನೆ ಎಂದು ಪೊಲೀಸರಿಗೆ ದೂರು ಕೊಟ್ಟ. ಪೊಲೀಸರು ಹಟ್ಟಿಗೆ ಬಂದು ಮೋಟು ಕಿವಿಯ ಕುರಿಗಳನ್ನೂ ಅವುಗಳ ಮರಿಗಳನ್ನೂ ಲಾರಿಗೆ ಹತ್ತಿಸಿದರು. ಭೀಮಸಿಯ ಕೈಗೆ ಸಮನ್ಸ್ ಕೊಟ್ಟರು. ಓಣಿಯವರು ಮನೆಯಿಂದ ಹೊರಬಂದು ನೋಡಿದರು, ಒಬ್ಬರೂ ಏನಾಯ್ತೆಂದು ಕೇಳಲಿಲ್ಲ.

ಭೀಮಾಬಾಯಿ ಸೊಸೆಯ ಮೊಬೈಲಿನಿಂದ ಹಿರಿಯ ಮಗನಿಗೆ ಫೋನ್ ಹಚ್ಚಿಸಿದಳು. ಮೂರನೆಯ ಸಲಕ್ಕೆ ಎತ್ತಿದ.

"ನಿಮ್ಮಪ್ಪನ್ನ ಕೋರ್ಟಿಗೆ ಕರದಾರೋ. ಒಬ್ಬ ಛಲೋ ವಕೀಲನ್ನ ನೋಡು. ಅಲ್ಲಿ ಜಡ್ಜ್ ನಿನಗ ಗೊತ್ತಿದ್ದವರ ಇರಬೇಕು, ಒಂದ ಮಾತ ಹೇಳು."

"ಅವ್ವಾ, ಇನ್ನೊಂದ ಕೋರ್ಟಿನ ಕೇಸಿನ್ಯಾಗ ನಾ ಬಾಯಿ ಹಾಕೂ ಹಂಗಿಲ್ಲ. ನಿಯಮದ ವಿರುದ್ಧ ಆಗ್ತೈತಿ."

"ನಿಯಮ?"

"ಹೂಂ. ನಾನು ಜಡ್ಜ್, ತಿಳಕೋ. ಈಗ ಎಲ್ಲಾರ ಕಣ್ಣ ನನ್ನ ಮ್ಯಾಲೆ ಐತಿ. ನಾ ಅಲ್ಲಿ ಕಾಣಸೂದೂ ಬ್ಯಾಡ. ಅಪ್ಪಗ ಹೇಳು, ನನ್ನ ಹೆಸರ ಎಲ್ಲೂ ತಗೀಬ್ಯಾಡ ಅಂತ."

ಭೀಮಾಬಾಯಿ ಫೋನನ್ನು ಸೊಸೆಗೆ ಕೊಟ್ಟು ಒಲೆಯ ಮುಂದೆ ಕುಳಿತಳು. "ಏನಂದ?" ಅಂತ ಭೀಮಸಿ ಕೇಳಿದ. ಮಗ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಮುಚ್ಚಿಡಬಹುದಿತ್ತು. ಮುಚ್ಚಿಡುವುದು ಅವಳಿಗೆ ಸಾಕಾಗಿತ್ತು.

ತಾರೀಖಿನ ದಿನ ಮೂವರೂ ಮೊದಲ ಬಸ್ಸಿಗೆ ಹೋದರು. ತಾಲೂಕಿನ ಕೋರ್ಟಿನಲ್ಲಿ ಹೊಸದಾಗಿ ಬಂದಿದ್ದ ಮ್ಯಾಜಿಸ್ಟ್ರೇಟ್ ವಯಸ್ಸಿನಲ್ಲಿ ಸೋನಾಲಿಗಿಂತ ಚಿಕ್ಕ ಹೆಣ್ಣುಮಗಳು, ದಕ್ಷಿಣದ ಕಡೆಯವರು. ಹೆಸರು ಕೂಗಿದಾಗ ಭೀಮಸಿ ಕಟಕಟೆಯಲ್ಲಿ ಹೋಗಿ ನಿಂತ. ಹಾಲಸಿದ್ದ, ಭೀಮಾಬಾಯಿ ಬಾಗಿಲ ಹತ್ತಿರ ಉಳಿದರು. ಮ್ಯಾಜಿಸ್ಟ್ರೇಟ್ ಕಾಗದ ಓದಿ, ಮುದುಕನನ್ನು ನೋಡಿ, ಮತ್ತೆ ಕಾಗದ ಓದಿದರು.

"ಇದೇನಜ್ಜಾ, ಯಾವುದೋ ಇಲಾಖಾ ವಿಚಾರಣೆಯಲ್ಲಿ ನೀವೇ ಹೋಗಿ ಕದ್ದೆ ಅಂತ ಹೇಳಿದ್ದೀರಿ. ಯಾರಾದರೂ ಹೇಳಿಕೊಟ್ಟಿದ್ದರಾ?"

"ಇಲ್ರಿ."

"ವಕೀಲರನ್ನು ಇಟ್ಟಿದ್ದೀರಾ?"

"ಇಲ್ರಿ."

"ಮನೆಯಲ್ಲಿ ಕೋರ್ಟು ಕಾಯ್ದೆ ತಿಳಿದವರು, ಓದಿದವರು ಯಾರೂ ಇಲ್ಲವಾ?"

"ಇಲ್ರಿ. ಕುರಿ ಕಾಯೋರ ಮನಿ."

"ಗಂಡುಮಕ್ಕಳು ಎಷ್ಟು ಜನ?"

ಹಾಲಸಿದ್ದ ನೆಲ ನೋಡಿದ. ಭೀಮಸಿ ಕಟಕಟೆಯ ಹಲಗೆಯನ್ನು ಎರಡೂ ಕೈಯಿಂದ ಹಿಡಿದು, ತಡವರಿಸದೆ ಹೇಳಿದ.

"ಒಬ್ಬನ ರೀ. ಬಾಗಲದಾಗ ನಿಂತಾನ ನೋಡ್ರಿ."

ಮ್ಯಾಜಿಸ್ಟ್ರೇಟ್ ಬಾಗಿಲ ಕಡೆ ನೋಡಿದರು. ಇಬ್ಬರನ್ನು ಹೆತ್ತ ಭೀಮಾಬಾಯಿ ಮಗನ ಪಕ್ಕದಲ್ಲೇ ನಿಂತಿದ್ದಳು. ಅಲ್ಲ ಎಂದು ಅವಳೂ ಅನ್ನಲಿಲ್ಲ.